ಪೂಜೆಗಿಟ್ಟ ಗಮ್‌ಬೂಟು

ಪಂಚರ್ ತಿದ್ದುವ ಸೊಲ್ಯೂಶನ್ನಿನ ವಾಸನೆ ಒಳ್ಳೆಯದಲ್ಲ. ಮೂಗಿಗೆ ಚುಚ್ಚುತ್ತದೆ, ತಲೆ ಹಿಡಿಯುತ್ತದೆ. ಆದರೂ ಈ ಮಳೆಗಾಲದಲ್ಲಿ, ಮುಲುಂಡಿನ ನಮ್ಮ ಬಿಲ್ಡಿಂಗಿನ ಗ್ಯಾಲರಿಯಲ್ಲಿ ಕೂತು ಮೊಮ್ಮಗಳ ಗಮ್‌ಬೂಟಿಗೆ ತೇಪೆ ಹಚ್ಚಲೆಂದು ಟ್ಯೂಬಿನ ಮುಚ್ಚಳ ತೆಗೆದಾಗ ನನಗೆ ಹಸಿವಾಯಿತು. "ಅಜ್ಜಿ, ಛೋಡೋ ನಾ, ಹೊಸಾದು ಮಂಗಾಯಿಸೋಣ," ಎಂದಳು ಹುಡುಗಿ. ನಾನು ಬಿಡಲಿಲ್ಲ. ಆ ವಾಸನೆಯ ಹಿಂದೆಯೇ ಬಿಸಿ ಜೋಳದ ರೊಟ್ಟಿ ಬರಬೇಕು. ನಾನು ಚಿಕ್ಕವಳಿದ್ದಾಗ ಹಾಗೇ ಬರುತ್ತಿತ್ತು.

ನಾವಿದ್ದದ್ದು ಕುರ್ಲಾದ ಒಂದು ಚಾಳಿನ ಒಂದೇ ಖೋಲಿಯಲ್ಲಿ. ಅಪ್ಪ ವಿಜಾಪುರದ ಕಡೆಯಿಂದ ಬಂದವನು, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೆಲಸ. ದಿನವಿಡೀ ಸೋಡಾ ಬೆರೆತ ಬಿಸಿನೀರಿನಲ್ಲಿ ನಿಲ್ಲಬೇಕು. ಕಾರ್ಖಾನೆ ಕೊಟ್ಟ ಗಮ್‌ಬೂಟು ಹರಿದರೆ ಬೇರೆ ಕೊಡುತ್ತಿರಲಿಲ್ಲ. ಹಾಗಾಗಿ ರಜೆಯ ದಿನ ಅವ್ವ ರೊಟ್ಟಿ ಬಡಿಯುವ ಮುಂಚೆ ಬೂಟು ನೋಡುತ್ತಿದ್ದಳು. ಬೂಟಿನ ತುಂಬ ನೀರು ಹೊಯ್ದು ಹೊರಮೈ ಒರೆಸಿ ಕಾಯುವುದು. ಎಲ್ಲಿ ಬೆವರಿದಂತೆ ಹನಿ ಮೂಡುತ್ತದೋ ಅಲ್ಲಿ ಸುಣ್ಣದಿಂದ ಗುರುತು. ಆಮೇಲೆ ಒಣಗಿಸಿ, ಉಜ್ಜಿ, ಸೊಲ್ಯೂಶನ್ ತೆಳ್ಳಗೆ ಸವರಿ, ಅದು ಬೆರಳಿಗೆ ಅಂಟದಷ್ಟು ಆರಿದ ಮೇಲೆ ಸೈಕಲ್ ಟ್ಯೂಬಿನ ತುಂಡು ಕೂರಿಸುವುದು. ಆಗ ಒಳಗಿನಿಂದ ಯಾರಾದರೂ ಒತ್ತು ಕೊಡಬೇಕು. ಅವ್ವನ ಕೈ ದಪ್ಪ, ಬೂಟಿನ ತುದಿಗೆ ಹೋಗುತ್ತಿರಲಿಲ್ಲ. ನನ್ನ ಕೈ ಕಡ್ಡಿಯಂತಿತ್ತು. ಹೆಗಲಿನವರೆಗೆ ತೂರಿಸಿ ಮುಷ್ಟಿ ಕಟ್ಟುತ್ತಿದ್ದೆ, ಅವ್ವ ಹೊರಗಿನಿಂದ ಲಟ್ಟಣಿಗೆಯಲ್ಲಿ ಒತ್ತುತ್ತಿದ್ದಳು. ಅದೇ ಕೈ ತೊಳೆದು ರೊಟ್ಟಿ ತಿನ್ನುತ್ತಿದ್ದೆ. ವಾಸನೆ ಹೋಗುತ್ತಿರಲಿಲ್ಲ.

ಒಂದು ಮಳೆಗಾಲದಲ್ಲಿ ಬೂಟಿನೊಳಗೆ ನೀರಿಳಿದು ಅಪ್ಪನ ಬಲಗಾಲಿನ ಬೆರಳಸಂದಿ ಕೊಳೆತಿತ್ತು. ದವಾಖಾನೆಯ ಡಾಕ್ಟರು, ಗಾಯ ಮತ್ತೆ ಬಾಯಿ ಬಿಟ್ಟರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಹೇಳಿ ಕಳಿಸಿದ್ದರು. ಅವ್ವ ಹೊಸ ತೇಪೆ ಹಚ್ಚಿದ ಮೇಲೆ ನೀರಿಳಿಯುವುದು ನಿಂತು, ದಸರೆಯ ಹೊತ್ತಿಗೆ ಅದು ಆಗತಾನೆ ಮಾಯ್ದು ತೆಳ್ಳನೆಯ ಚರ್ಮ ಕಟ್ಟಿತ್ತು. ಖಂಡೆಪೂಜೆಯ ದಿನ ನಮ್ಮ ಕಡೆ ದುಡಿಯುವ ಸಾಮಾನನ್ನೆಲ್ಲ ದೇವರ ಮುಂದೆ ಇಡುತ್ತಾರೆ. ಕಾಲು ಉಳಿಸಿದ ಬೂಟು ಎಂದು ಅವ್ವ ಆ ವರ್ಷ ಅದನ್ನು ತೊಳೆದು, ಮಿಂಚಲಿ ಎಂದು ಕೊಬ್ಬರಿ ಎಣ್ಣೆಯನ್ನು ಕೈತುಂಬ ಹಾಕಿ ತಿಕ್ಕಿ, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಮಣೆಯ ಮೇಲಿಟ್ಟಳು. ಪಕ್ಕದ ಖೋಲಿಯ ಶಾಂತಾಬಾಯಿ ಬಾಗಿಲಿಂದಲೇ ನೋಡಿದಳು. ಅವಳು ಸೋಲಾಪುರದವಳು, ಮರಾಠಿ ಕನ್ನಡ ಎರಡೂ ಬಲ್ಲವಳು. ಗಂಡ ಸೈಕಲ್ ಮೇಲೆ ಪಾವ್ ಮಾರುತ್ತಿದ್ದ.

"ಏ ಕಾಶವ್ವಾ, ದೇವ್ರ ಮುಂದ ಚಪ್ಪಲಿ ಇಟ್ಟೀಯಲ್ಲ! ನಾಳಿ ಸಂಡಾಸದ ಡಬ್ಬಿನೂ ಇಡ್ತೀ ಏನ?"

"ನಿಮ್ಮ ಮನ್ಯಾಗ ಸೈಕಲ್ಲು ಉಣ್ಣಾಕ ಹಾಕ್ತದ ಬಾಯಿ, ನಮ್ಮ ಮನ್ಯಾಗ ಇದು ಹಾಕ್ತದ," ಎಂದು ಅವ್ವ ಮುಖ ತಿರುಗಿಸಿದಳು.

ಮರುದಿನ ದಸರೆ. ಸಂಜೆ ಅವ್ವ ಪೂಜೆ ಇಳಿಸಿ ಹೂ ತೆಗೆದಳು. ಹೂವಿನ ಜೊತೆ ಒಂದು ತೇಪೆಯೂ ಕೈಗೆ ಬಂತು. ಇನ್ನೊಂದನ್ನು ಮುಟ್ಟಿದಳು, ಬೆಂದ ಆಲೂಗಡ್ಡೆಯ ಸಿಪ್ಪೆಯಂತೆ ಜಾರಿತು. ಎಣ್ಣೆ ಕುಡಿದು ಅಂಟೆಲ್ಲ ಲೊಳಲೊಳ ಆಗಿತ್ತು. ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೋಗಲೇಬೇಕು. ಮನೆಯಲ್ಲಿ ಸೊಲ್ಯೂಶನ್ ಮುಗಿದಿತ್ತು, ಸೈಕಲ್ ಅಂಗಡಿಗೆ ಹಬ್ಬದ ಬೀಗ. ಅವ್ವ ಬೂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಳು. ಅಪ್ಪ ಬೈಯಲಿಲ್ಲ. "ಚಿಂದಿ ಸುತ್ಕೊಂಡ ಹೋಗ್ತೀನಿ ಬಿಡ," ಎಂದ. ಚಿಂದಿ ಸುತ್ತಿದರೆ ಸೋಡಾ ನೀರು ಅಲ್ಲೇ ನಿಂತು ಇನ್ನೂ ಸುಡುತ್ತದೆಂದು ಮೂವರಿಗೂ ಗೊತ್ತಿತ್ತು.

ಅಷ್ಟರಲ್ಲಿ ಶಾಂತಾಬಾಯಿ ಬನ್ನಿ ಕೊಡಲು ಬಂದಳು. ಆ ದಿನ ಬಂಗಾರ ಎಂದು ಎಲೆ ಕೊಟ್ಟುಕೊಂಡು ಜಗಳ ಮರೆಯುವುದು ಅವರಲ್ಲೂ ಉಂಟು, ನಮ್ಮಲ್ಲೂ ಉಂಟು.

"ಹಬ್ಬದ ದಿನ ಮಾರಿ ಹಿಂಗ್ಯಾಕ?"

"ನಮ್ಮ ದೇವ್ರಿಗೆ ಎಣ್ಣಿ ಜಾಸ್ತಿ ಆಗೇದ ಬಾಯಿ," ಎಂದ ಅಪ್ಪ.

ಅವಳು ಬೂಟು ನೋಡಿದಳು, ಅಪ್ಪನ ಕಾಲು ನೋಡಿದಳು. "ನಿಲ್ಲ, ಸೈಕಲ್ಲಿನ ಥೈಲಿ ತರ್ತೀನಿ."

ಅವ್ವ ಗಾಬರಿಯಾಗಿ ಎದ್ದಳು. ಅವರ ಮನೆಯಲ್ಲಿ ಪೂಜೆ ದಸರೆಯ ದಿನವೇ. ಸೈಕಲ್ಲು, ಪಂಚರ್ ಸಾಮಾನಿನ ಚೀಲ ಎಲ್ಲ ಹೂ ಹಾಕಿಸಿಕೊಂಡು ದೇವರ ಮುಂದಿದ್ದವು. "ಬ್ಯಾಡ್ರೀ ಬಾಯಿ. ಪೂಜಿಗಿಟ್ಟದ್ದು ನಾಳಿ ಮಟ ಅಲಗಸಬಾರದು. ನಿಮ್ಮ ಮನಿಗೆ ಏನರ ಆದ್ರ?"

"ಅರೆ ವಾ! ನಿನ್ನ ಗಂಡನ ಕಾಲು ಕೊಳೀಲಿ, ನನ್ನ ದೇವ ಪಂಚರ್ ಥೈಲಿ ಕಾಯ್ಕೊಂತ ಕುಂಡ್ರಲಿ, ಹಂಗೇನ?" ಎನ್ನುತ್ತ ಹೋದಳು. ಗೋಡೆಯಾಚೆ ಅವಳ ಗಂಡ ಏನೋ ಗೊಣಗಿದ್ದು ಕೇಳಿಸಿತು. "ಗಪ್ ಬಸಾ!" ಎಂದು ಅವಳು ಅವನ ಬಾಯಿ ಮುಚ್ಚಿಸಿದ್ದೂ ಕೇಳಿಸಿತು. ಥೈಲಿಯ ಮೇಲೆ ಅರಿಶಿನ-ಕುಂಕುಮ ಇನ್ನೂ ಹಸಿಯಾಗಿತ್ತು.

ಬಿಸಿನೀರು, ಸೋಡಾ, ಬೂದಿ ಹಾಕಿ ಇಬ್ಬರೂ ಎಣ್ಣೆ ತೆಗೆದರು. ಶಾಂತಾಬಾಯಿ ಥೈಲಿಯಲ್ಲಿದ್ದ ಮುಳ್ಳು ತಗಡಿನಿಂದ ಉಜ್ಜಿದಳು, ಅವ್ವ ಸೊಲ್ಯೂಶನ್ ಸವರಿ ಊದಿದಳು. ನಾನು ಕೈ ತೂರಿಸಿ ಮುಷ್ಟಿ ಕಟ್ಟಿದೆ. ತೇಪೆಗಳ ಮೇಲೆ ಬೀಸುವ ಕಲ್ಲು ಹೇರಿ ಬೆಳಗಿನವರೆಗೆ ಬಿಟ್ಟರು. ಮರುದಿನ ಸಂಜೆ ಕೆಲಸದಿಂದ ಬಂದ ಅಪ್ಪ ಹೊಸ್ತಿಲ ಮೇಲೆ ಕೂತು ಬೂಟು ಕಳಚಿದಾಗ ಶಾಂತಾಬಾಯಿಯೂ ಬಂದು ನಿಂತಳು. ಅವ್ವ ಸೆರಗಿನಿಂದ ಬೆರಳಸಂದಿ ಮುಟ್ಟಿ ನೋಡಿ ಸೆರಗು ಎತ್ತಿ ತೋರಿಸಿದಳು. ಒಣಗಿತ್ತು.

ಆ ಚಾಳು ಒಡೆದು ಬಹಳ ಕಾಲವಾಯಿತು. ಅಲ್ಲಿ ಈಗ ಟವರ್ ನಿಂತಿದೆ. ಅವ್ವ ಹೋದಳು, ಶಾಂತಾಬಾಯಿ ಹೋದಳು. ನೀವು ಚಾಳಿನಲ್ಲಿ ಬೆಳೆದವರಾದರೆ ನಿಮಗೂ ಇಂಥ ಒಬ್ಬಳು ಇದ್ದಿರಬೇಕು. ಬಾಯಿ ಕೆಟ್ಟದು, ಕೈ ಒಳ್ಳೆಯದು. ತನ್ನ ಮನೆಗೆ ಏನಾದರೂ ಆದೀತು ಎಂಬ ಹೆದರಿಕೆ ಶಾಂತಾಬಾಯಿಗೂ ಇದ್ದಿರಬೇಕು. ಇಲ್ಲದಿದ್ದರೆ ಆ ರಾತ್ರಿ ಬೆಳತನಕ ದೇವರಿಗೆ ದೀಪ ಹಾಕಿ ಕೂರುತ್ತಿರಲಿಲ್ಲ. ಅದು ನನಗೆ ಅವಳ ಸೊಸೆಯಿಂದ ತಿಳಿದದ್ದು, ಅವಳು ಸತ್ತ ಮೇಲೆ.

ಅಪ್ಪ ಚೆನ್ನಾಗಿ ಮುದುಕನಾಗಿಯೇ ಸತ್ತ. ಕೊನೆಯ ಸ್ನಾನಕ್ಕೆ ಅವನ ಕಾಲು ತೊಳೆದವಳು ನಾನು. ಬೆರಳೆಲ್ಲ ಇದ್ದವು. ಒಂದೊಂದನ್ನೂ ಹಿಡಿದು ತಿಕ್ಕಿದೆ. ಹೊತ್ತಾಯಿತು, ಬೇಗ ಮಾಡು ಎಂದು ಯಾರೋ ಹೇಳಿದರು. ನಾನು ನಿಧಾನವಾಗಿಯೇ ತೊಳೆದೆ.