ಹಯಾತ್ ಸಾಬರ ಹೆಸರು ಯಾರ ಪಾಲಿಗೆ?

ನನ್ನ ಮಗಳಿಗೆ ಹೆಸರಿಡಲು ನಮ್ಮ ಮನೆಯವರಿಗೆ ಒಂದು ಸಂಜೆ ಸಾಕಾಗಿತ್ತು. ಹೋದ ತಿಂಗಳು ಒಂದು ಹಾಸಿಗೆ ಅಂಗಡಿಗೆ ಹೆಸರಿಡಲು ಹೋಗಿ, ಅಣ್ಣ ತಮ್ಮ ಇಬ್ಬರ ಊಟ ಕೆಡಿಸಿ ಬಂದೆ.

ತಪ್ಪು ನನ್ನದಲ್ಲ. (ಅಂಕಣ ಬರೆಯುವವರದು ಯಾವತ್ತೂ ತಪ್ಪಿರುವುದಿಲ್ಲ, ನಿಮಗೆ ಗೊತ್ತೇ ಇದೆ.)

ನಜ್ಮಾ ದೊಮ್ಮಲೂರಿನ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿದ್ದವಳು. ಹೋದ ವರ್ಷ ಕೆಲಸ ಬಿಟ್ಟು, ಶಿವಾಜಿನಗರದಲ್ಲಿರುವ ಅಪ್ಪನ ಹಾಸಿಗೆ ಅಂಗಡಿ ಸೇರಿಕೊಂಡಳು. ಹತ್ತಿ ಹಿಂಜಿ, ತುಂಬಿ, ಕೈಯಲ್ಲೇ ಹೊಲಿದು ಕೊಡುವ ಅಸಲಿ ಹಾಸಿಗೆ. ಆದರೆ ಕೆ.ಆರ್. ಪುರದ ಅಪಾರ್ಟ್‌ಮೆಂಟಿನವರು ಈಗ ಹಾಸಿಗೆಯನ್ನೂ ಫೋನಿನಲ್ಲೇ ತರಿಸುತ್ತಾರೆ. ಅದು ಚಾಪೆಯಂತೆ ಸುತ್ತಿಕೊಂಡು ಡಬ್ಬದಲ್ಲಿ ಬರುತ್ತದೆ, ಬಿಚ್ಚಿದರೆ ಉಬ್ಬುತ್ತದೆ. ಹೀಗಿರುವಾಗ ಶಿವಾಜಿನಗರದ ಗಲ್ಲಿಯಲ್ಲಿ ಪಾರ್ಕಿಂಗ್ ಹುಡುಕುವವರು ಯಾರು? ಈ ವರ್ಷ ವೆಬ್‌ಸೈಟ್ ಮಾಡಿ ಗಿರಾಕಿ ಹಿಡಿಯದಿದ್ದರೆ ಮತ್ತೆ ಬಂದು ನಿಮ್ಮ ಪಕ್ಕದಲ್ಲೇ ಕೂರಬೇಕಾಗುತ್ತದೆ ಎಂದು ನಜ್ಮಾ ಹೇಳಿದಳು. ತಮಾಷೆಗೆ ಹೇಳಿದಂತಿತ್ತು. ತಮಾಷೆಯಾಗಿರಲಿಲ್ಲ.

ವೆಬ್‌ಸೈಟಿಗೆ ಮೊದಲು ಬೇಕಾದದ್ದು ಡೊಮೇನ್ ಹೆಸರು. ಅಂದರೆ ಇಂಟರ್‌ನೆಟ್ಟಿನಲ್ಲಿ ಅಂಗಡಿಯ ವಿಳಾಸ. ನೀವು ಬರಹಗಾರರು, ನೀವೇ ಒಂದು ಹೆಸರು ಹೇಳಬೇಕು ಎಂದಳು. ಇಂಥ ಮಾತು ಕೇಳಿದ ಮೇಲೆ ಮನೆಯಲ್ಲಿ ಕೂರಲು ಯಾರಿಗೆ ತಾನೆ ಮನಸ್ಸಾಗುತ್ತದೆ?

ಶನಿವಾರ ಜೀವನ್ ಬಿಮಾ ನಗರದಿಂದ ಹೊರಟೆ. ಹಲಸೂರು ದಾಟುವಷ್ಟರಲ್ಲಿ, ಟ್ರಾಫಿಕ್ಕಿನ ಕೃಪೆಯಿಂದ, ಹೆಸರುಗಳ ರಾಶಿಯೇ ತಯಾರಾಗಿತ್ತು. ಸುಖನಿದ್ರೆ. ಸ್ವಪ್ನಶಯ್ಯೆ. ಸುಪ್ಪತ್ತಿಗೆ. ಅಂಗಡಿಯಲ್ಲಿ ನಜ್ಮಾ ಒಂದೊಂದನ್ನೂ ಗೌರವದಿಂದ ಕೇಳಿಸಿಕೊಂಡಳು. ಆಮೇಲೆ, ಇವು ಹಾಸಿಗೆಯ ಹೆಸರೋ ತಲೆಗೆ ಹಚ್ಚುವ ಎಣ್ಣೆಯ ಹೆಸರೋ ಎಂದು ವಿಚಾರಿಸಿದಳು.

ಸರಿ, ಇಂಗ್ಲಿಷಿಗೆ ಇಳಿದೆವು. ಸಾಫ್ಟ್, ಡ್ರೀಮ್, ಕಾಟನ್, ಕಂಫರ್ಟ್. ಇವನ್ನು ಹಿಂದುಮುಂದು ಹೇಗೆ ಜೋಡಿಸಿದರೂ ಯಾರೋ ಆಗಲೇ ಕೊಂಡುಬಿಟ್ಟಿದ್ದರು. ಕೊಂಡವರು ಏನಾದರೂ ಮಾರುತ್ತಿದ್ದಾರಾ ಎಂದು ನೋಡಿದರೆ, ಅದೂ ಇಲ್ಲ. ಖಾಲಿ ಪುಟ, ‘ಈ ಹೆಸರು ಮಾರಾಟಕ್ಕಿದೆ’ ಎಂಬ ಒಂದು ಸಾಲು. ಸೈಟು ಕೊಂಡು ಬೇಲಿ ಹಾಕಿ ರೇಟು ಏರಲಿ ಎಂದು ಕಾಯುವ ನಮ್ಮೂರಿನ ಅಭ್ಯಾಸ ಅಲ್ಲಿಗೂ ಹೋಗಿದೆ ನೋಡಿ.

ಅಷ್ಟರಲ್ಲಿ ಒಬ್ಬರು ಹೆಂಗಸು ಆಟೋ ಇಳಿದು, ಹಯಾತ್ ಸಾಬ್ ಅಂಗಡಿ ಇದೇನಾ ಎಂದು ಕೇಳಿದರು. ಇದೇ ಬನ್ನಿ ಎಂದಳು ನಜ್ಮಾ. ಹಯಾತ್ ಸಾಬರು ಅವಳ ಅಜ್ಜ. ತೀರಿಕೊಂಡು ಬಹಳ ವರ್ಷಗಳಾಗಿವೆ. ಇವಳ ಅಂಗಡಿಯ ಬೋರ್ಡಿನ ಮೇಲಿರುವುದು ‘ನ್ಯೂ ಗುಲ್‌ಶನ್ ಬೆಡ್ಡಿಂಗ್ಸ್’. ಆದರೆ ಆ ಹೆಸರನ್ನು ಕರೆಂಟ್ ಬಿಲ್ಲಿನವರು ಬಿಟ್ಟರೆ ಇನ್ಯಾರೂ ಬಳಸಿದ್ದನ್ನು ನಾನು ಕಂಡಿಲ್ಲ.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹಯಾತ್ ಸಾಬ್ ಡಾಟ್ ಇನ್ ಎಂದು ಟೈಪ್ ಮಾಡಿದಳು. ಖಾಲಿ ಇತ್ತು! ಕೆಳಗೊಂದು ಕೆಂಪು ಸಾಲು: ಬೇಗ ಕೊಳ್ಳಿ, ಈ ಹೆಸರನ್ನು ಇನ್ನೊಬ್ಬರೂ ನೋಡುತ್ತಿದ್ದಾರೆ. (ಯಾರು ನೋಡುತ್ತಾರೆ? ಪಕ್ಕದಲ್ಲಿ ನಾನೇ ನನ್ನ ಫೋನಿನಲ್ಲಿ ನೋಡುತ್ತಿದ್ದೆ.) ಆದರೂ ಗಾಬರಿಯಾಯಿತು. ಯೋಚನೆ ಆಮೇಲೆ, ಮೊದಲು ಒತ್ತು ಎಂದೆ. ಒತ್ತಿದಳು. ಇಬ್ಬರೂ ಸಮೋಸಾ ತಿಂದೆವು.

ಮಾರನೆಯ ದಿನ ನಜ್ಮಾಳ ಫೋನ್ ಬಂತು. ಹೆಸರು ಕೊಂಡ ಸುದ್ದಿ ಕೇಳಿದಾಗಿನಿಂದ ಅಪ್ಪ ಮಾತಾಡುತ್ತಿಲ್ಲ, ಊಟವನ್ನೂ ಮಾಡುತ್ತಿಲ್ಲ.

ಕಥೆ ಏನೆಂದರೆ, ನಜ್ಮಾಳ ಅಪ್ಪ ಇಕ್ಬಾಲ್ ಸಾಹೇಬರಿಗೆ ಅನ್ವರ್ ಎಂಬ ತಮ್ಮನಿದ್ದಾರೆ. ಅವರದೂ ಹಾಸಿಗೆ ಅಂಗಡಿಯೇ, ಇವರ ಗೋಡೆಗೆ ಅಂಟಿಕೊಂಡೇ ಇದೆ. ಹಯಾತ್ ಸಾಬರು ಹೋದ ಮೇಲೆ ಪಾಲಾಯಿತು. ಅಂಗಡಿ, ಹತ್ತಿ ಹಿಂಜುವ ಮೆಷಿನ್ ಅಣ್ಣನಿಗೆ. ಹೆಸರು ತಮ್ಮನಿಗೆ.

ಹೌದು, ಹೆಸರು. ಅದೂ ಒಂದು ಪಾಲು. ತಮ್ಮ ಪಕ್ಕದಲ್ಲೇ ಬಾಡಿಗೆಗೆ ಮಳಿಗೆ ಹಿಡಿದು, ಅಪ್ಪನ ಹಳೆಯ ಬೋರ್ಡನ್ನು ಇಳಿಸಿ ತಂದು ಅಲ್ಲಿ ತೂಗುಹಾಕಿದರು. ಅಣ್ಣ ಹಳೆಯ ಅಂಗಡಿಗೆ ಹೊಸ ಹೆಸರು ಬರೆಸಿದರು. ಬೀದಿಯ ಜನ ಎರಡನ್ನೂ ಹಯಾತ್ ಸಾಬ್ ಅಂಗಡಿ ಎಂದೇ ಕರೆದರು, ಆ ಮಾತು ಬೇರೆ. ನಜ್ಮಾ ಅದನ್ನು ಬರೀ ಬೋರ್ಡು ಎಂದುಕೊಂಡಿದ್ದಳು. ಅವಳ ಅಪ್ಪ ಮಾತ್ರ ಅಂದಿನಿಂದ ಇಂದಿನವರೆಗೆ ಒಂದು ರಸೀದಿಯ ಮೇಲೂ ಹಯಾತ್ ಸಾಬರ ಹೆಸರು ಬರೆದವರಲ್ಲ.

ಅಣ್ಣ ತಮ್ಮ ದಿನಾ ಮಧ್ಯಾಹ್ನ ಅಣ್ಣನ ಅಂಗಡಿಯಲ್ಲಿ ಎರಡು ಮನೆಯ ಕ್ಯಾರಿಯರ್ ಬಿಚ್ಚಿ ಒಟ್ಟಿಗೆ ಉಣ್ಣುತ್ತಾರೆ. ಆ ದಿನ ಅಣ್ಣ ಹಸಿವಿಲ್ಲ ಎಂದು ಮುಖ ತಿರುಗಿಸಿ ಕೂತರು. ಏನೂ ಗೊತ್ತಿಲ್ಲದ ತಮ್ಮ ಸ್ವಲ್ಪ ಹೊತ್ತು ಕಾದು, ಕ್ಯಾರಿಯರ್ ಬಿಚ್ಚದೆ ವಾಪಸ್ ಹೋದರು. ಇದನ್ನು ಹೇಳುವಾಗ ನಜ್ಮಾ ಅತ್ತಳು. ನನಗೆ ಸಮೋಸಾ ನೆನಪಾಗಿ ನಾಚಿಕೆಯಾಯಿತು.

ಸೋಮವಾರ ಮಗಳನ್ನೂ ಆರೋಪಿ ನಂಬರ್ ಎರಡಾದ ನನ್ನನ್ನೂ ಕರೆದುಕೊಂಡು ಇಕ್ಬಾಲ್ ಸಾಹೇಬರು ಪಕ್ಕದ ಅಂಗಡಿಯ ಮೆಟ್ಟಿಲು ಹತ್ತಿದರು. ಮಾತೆಲ್ಲ ದಖನಿ ಉರ್ದುವಿನಲ್ಲಿ ನಡೆಯಿತು. ನನಗೆ ತಿಳಿದಷ್ಟು ಹೇಳುತ್ತೇನೆ. ನಿನ್ನ ಹೆಸರನ್ನು ನನ್ನ ಮಗಳು ತೆಗೆದುಕೊಂಡಿದ್ದಾಳೆ, ವಾಪಸ್ ಕೊಡಲು ಬಂದಿದ್ದೇನೆ ಎಂದರು ಅಣ್ಣ. ಅನ್ವರ್ ದಿಂಬು ಹೊಲಿಯುತ್ತಿದ್ದ ಸೂಜಿ ಕೆಳಗಿಟ್ಟರು. ಡೊಮೇನ್ ಎಂದರೇನೆಂದು ನಜ್ಮಾ ವಿವರಿಸಿದಳು. ಆ ಹೆಸರು ಒತ್ತಿದರೆ ಯಾರ ಅಂಗಡಿ ತೆರೆಯುತ್ತದೆ ಎಂದು ಅವರು ಕೇಳಿದರು. ನಮ್ಮದು ಎಂದಳು ನಜ್ಮಾ, ತಲೆ ತಗ್ಗಿಸಿ.

ಅನ್ವರ್ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: “ಮೇಡಂ, ಪಾಲಲ್ಲಿ ನಾನು ಅಂಗಡಿ ಕೇಳ್ಲಿಲ್ಲ, ಮೆಷಿನ್ ಕೇಳ್ಲಿಲ್ಲ. ಅಬ್ಬಾ ಹೆಸರು ಒಂದೇ ಕೇಳಿದ್ದು.”

ಒತ್ತು ಎಂದವಳು ನಾನೇ.

ಬೇಡ ಚಾಚಾ, ಬೇರೆ ಹೆಸರಿನಲ್ಲಿ ಮಾಡುತ್ತೇನೆ ಎಂದಳು ನಜ್ಮಾ. ಬೇರೆ ಹೆಸರು ಹಾಕಿದರೆ ಗಿರಾಕಿ ಬರುತ್ತಾರಾ ಎಂದು ಅವರು ಕೇಳಿದರು. ಸುಳ್ಳು ಹೇಳಬಹುದಿತ್ತು. ಬರುವುದಿಲ್ಲ ಎಂದಳು. ಚಾಚಾ ಸೂಜಿಯನ್ನು ಮತ್ತೆ ಕೈಗೆತ್ತಿಕೊಂಡು, ಹಾಗಾದರೆ ನೀನೇ ಇಟ್ಟುಕೋ ಎಂದರು.

ಈಗ ನಿಜವಾದ ಜಗಳ ಶುರುವಾಯಿತು. “ನಕ್ಕೋ” ಎಂದರು ಅಣ್ಣ, ಬೇಡವೇ ಬೇಡ. ನಾನು ಕೊಟ್ಟಿದ್ದೇನೆ, ಬೇಡ ಎನ್ನಲು ನೀನು ಯಾರು ಎಂದರು ತಮ್ಮ. ನಿನ್ನ ಪಾಲು ನಾನು ತಿನ್ನುವವನಲ್ಲ. ನಿನಗೆ ಯಾರು ಕೊಟ್ಟರು, ನಾನು ಮಗುವಿಗೆ ಕೊಟ್ಟೆ. ದನಿ ಎಷ್ಟು ಏರಿತೆಂದರೆ ಎದುರಿನ ಬಟ್ಟೆ ಅಂಗಡಿಯವರು ಹೊರಗೆ ಬಂದು ನಿಂತರು. ಕೊನೆಗೆ ಅನ್ವರ್ ಒಂದು ಷರತ್ತು ಹಾಕಿದರು: “ಹಯಾತ್ ಸಾಬ್ ಅಂತ ಒತ್ತಿದೋರಿಗೆ ಒಂದೇ ಅಂಗಡಿ ತೋರಿಸಿದ್ರೆ ಅದು ಸುಳ್ಳಾಗುತ್ತೆ. ಎರಡೂ ತೋರಿಸ್ಬೇಕು.” ಅಣ್ಣ ಕ್ಯಾರಿಯರ್ ತರಲು ಹೇಳಿದರು. ನನ್ನನ್ನೂ ಬಿಡದೆ ಕೂರಿಸಿ ಉಣಿಸಿದರು.

ವೆಬ್‌ಸೈಟ್ ಮಾಡಿಕೊಟ್ಟ ಇಂದಿರಾನಗರದ ಮಹಾಶಯರು ಇದನ್ನು ಕೇಳಿ ತಲೆ ಕೆರೆದುಕೊಂಡರು. ತಮ್ಮದೇ ಸೈಟಿನಲ್ಲಿ ಕಾಂಪಿಟಿಟರ್ ನಂಬರ್ ಹಾಕುವವರನ್ನು ತಾವು ಕಂಡೇ ಇಲ್ಲ ಎಂದರು. ಬ್ರ್ಯಾಂಡಿಂಗ್ ಬಗ್ಗೆ ನಜ್ಮಾಳಿಗೆ ದೀರ್ಘ ಉಪನ್ಯಾಸವೂ ಆಯಿತು. ಅವಳು ಎಲ್ಲವನ್ನೂ ಕೇಳಿ, ಎರಡೂ ಅಂಗಡಿಗಳ ಫೋಟೋ ಅಕ್ಕಪಕ್ಕ ಹಾಕಿಸಿದಳು.

ಮೊನ್ನೆ ಸೈಟ್ ತೆರೆಯಿತು. ಮೊದಲ ಗಿರಾಕಿ ನಾನೇ ಆಗಬೇಕೆಂದು ನಜ್ಮಾಳ ಅಂಗಡಿಯ ನಂಬರ್ ಒತ್ತಿ ದಿಂಬು ಕೇಳಿದೆ. ಎತ್ತಿದವರು ಇಕ್ಬಾಲ್ ಸಾಹೇಬರು. ಹಾಸಿಗೆಯಾದರೆ ನಾನು ಕೊಡುತ್ತೇನೆ, ದಿಂಬಿಗೆ ತಮ್ಮನ ಕೈಯೇ ಚೆನ್ನ, ಅವನಿಗೇ ಫೋನ್ ಮಾಡಿ ಎಂದು ಇಟ್ಟುಬಿಟ್ಟರು. ಹಿಂದೆ ನಜ್ಮಾ “ಅಬ್ಬಾ!” ಎಂದು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆದರೂ ಆರ್ಡರ್ ಬರುತ್ತಿವೆಯಂತೆ. ಅವಳ ಹಳೆಯ ಸೀಟಿನಲ್ಲಿ ನಾನು ನನ್ನ ಬ್ಯಾಗ್ ಇಟ್ಟುಕೊಂಡಿದ್ದೇನೆ.

ಅಪ್ಪನ ಸೈಟಿಗೆ, ಅಮ್ಮನ ಬಳೆಗೆ ಕೋರ್ಟು ಹತ್ತಿದವರು ನಮ್ಮ ನಿಮ್ಮ ಬೀದಿಯಲ್ಲಿ ಬೇಕಾದಷ್ಟಿದ್ದಾರೆ. ನನಗೆ ಅಪ್ಪನ ಹೆಸರೇ ಸಾಕು ಎಂದು ಕೇಳಿ ಪಡೆದವರು ಎಷ್ಟು ಜನ ಇದ್ದಾರೆ?