ರಾಜ ಹಾರಿದ ಮಧ್ಯಾಹ್ನ

ಎಂಬತ್ತರ ದಶಕದ ಮಾತು. ಹೊನ್ನಾಳಿಯ ಶಾಲೆಯೊಂದರಲ್ಲಿ ನಡೆದ ಜೂನಿಯರ್ ಚೆಸ್ ಪಂದ್ಯಕ್ಕೆ ನಾನು ರೆಫ್ರಿ. ಫೈನಲ್‌ನಲ್ಲಿ ಚನ್ನಗಿರಿಯ ಹುಡುಗ, ನ್ಯಾಮತಿಯ ಹುಡುಗಿ ಎದುರುಬದುರು ಕೂತಿದ್ದರು. ಗೆದ್ದವರು ಜಿಲ್ಲಾ ಮಟ್ಟಕ್ಕೆ ಹೋಗುತ್ತಿದ್ದರು. ಹೊಳೆ ಕಡೆಯ ಗಾಳಿಗೆ ನನಗೆ ಮಂಪರು ಹತ್ತಿ, ಹಲಗೆಯ ಕಪ್ಪು ಬಿಳಿ ಮನೆಗಳು ನೀರಲ್ಲಿ ತೇಲಿದಂತೆ ಕಾಣುತ್ತಿದ್ದವು. ಅಷ್ಟರಲ್ಲಿ ಹುಡುಗನ ರಾಜ ಕುದುರೆಯ ಹಾಗೆ ಹಾರಿ ಕೂತ!

ಕನಸೇನೋ ಎಂದು ಕಣ್ಣುಜ್ಜಿಕೊಂಡೆ. "ಏನಪ್ಪಾ ಇದು?"

"ನಮ್ಮಜ್ಜ ಹಿಂಗೇ ಕಲಿಸಿರೋದು ಸರ್. ರಾಜ ಒಂದ್ಸಲ ಹಾರಬಹುದು."

"ಇಲ್ಲಿ ಹಂಗಿಲ್ಲ. ವಾಪಸ್ ತಗೊಂಡು ಒಂದೇ ಮನೆ ನಡೆಸು."

ಹುಡುಗಿ ಎದ್ದು ನಿಂತಳು. "ಬ್ಯಾಡ್ರಿ ಸರ್! ನಮ್ಮನೇಲೂ ರಾಜ ಹಾರ್ತಾನೆ. ಇವನು ಅಲ್ಲಿಗೇ ಹಾರ್ತಾನೆ ಅಂತ ಆನೆ ಇಟ್ಕೊಂಡು ಕಾಯ್ತಿದ್ದೆ. ಮುಂದಿನ ನಡೆಗೆ ಇವನ ಆಟ ಮುಗೀತಿತ್ತು!"

ನಿಯಮದ ಪುಸ್ತಕ ತಿರುವಿ ಹಾಕಿದೆ. ಇಲ್ಲದ ನಿಯಮ ನಂಬಿ ಬಲೆ ಹಾಕಿದವರ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ರಾಜ ಹಿಂದೆ ಬಂದು, ಒಂದೇ ಮನೆ ಸರಿದು ಬದುಕಿಕೊಂಡ, ಕೊನೆಗೆ ಹುಡುಗ ಗೆದ್ದೂಬಿಟ್ಟ.

ಈಗಲೂ ಮಧ್ಯಾಹ್ನ ಜೊಂಪು ಹತ್ತಿದರೆ ಆ ರಾಜ ನಿಧಾನಕ್ಕೆ ಮೇಲೆದ್ದು, ಹಾರಿ, ಅವಳು ಕಾಯುತ್ತಿದ್ದ ಮನೆಯಲ್ಲೇ ಇಳಿಯುತ್ತಾನೆ. ಹುಡುಗಿ ಗೆಲ್ಲುತ್ತಾಳೆ. ಪುಣ್ಯಕ್ಕೆ, ಅಲ್ಲಿ ರೆಫ್ರಿ ನಾನಲ್ಲ.