ಕೌದಿಯ ಪಕ್ಕ ಕೂತು ಓದಿದ್ದು

ನನಗೆ ಓದಲು ಇಂಥದ್ದೇ ಬೇಕು ಅಂತಿಲ್ಲ. ಜಗಳೂರಿನ ತವರಿನಲ್ಲಿದ್ದಾಗ ಕಡಲೆಕಾಯಿ ಕಟ್ಟಿದ ಕಾಗದ ಬಿಡಿಸಿ ಓದುತ್ತಿದ್ದೆ. ಮದುವೆಯಾಗಿ ಚನ್ನಗಿರಿಗೆ ಬಂದ ಮೇಲೂ ಅದೇ ಬುದ್ಧಿ. ಪತ್ತೇದಾರಿ ಕಾದಂಬರಿ, ಸ್ಥಳಮಹಾತ್ಮೆ, ಅಡುಗೆ ಪುಸ್ತಕ, ಪಂಚಾಂಗ, ಯಾವುದನ್ನೂ ಬಿಡುವವಳಲ್ಲ. ಕತ್ತಲಗೆರೆಯ ಕೃಷಿ ಕೇಂದ್ರದಿಂದ ಭಾವ ತಂದ ಭತ್ತದ ಬೆಂಕಿ ರೋಗದ ಪುಸ್ತಿಕೆಯನ್ನು ಎರಡು ಸಲ ಓದಿದ್ದೇನೆ. ನಮಗೆ ಜಮೀನಿಲ್ಲ. ಮಾತ್ರೆ ಡಬ್ಬಿಯೊಳಗಿನ ಚೀಟಿ ಓದಿ, ಅದರಲ್ಲಿ ಹೇಳಿದ ತೊಂದರೆಗಳೆಲ್ಲ ನನಗೇ ಬಂದಿವೆ ಎಂದುಕೊಂಡು ಮಲಗಿದ್ದೂ ಉಂಟು. "ಇವಳ ಕೈಗೆ ಕರೆಂಟ್ ಬಿಲ್ ಕೊಟ್ರೆ ಹಿಂದ್ಗಡೆನೂ ಓದ್ತಾಳೆ" ಅನ್ನುತ್ತಾರೆ ನಮ್ಮ ಯಜಮಾನರು. ಓದುತ್ತೇನೆ. ಮುಂದೆ ಇರುವುದಕ್ಕಿಂತ ಅದೇ ವಾಸಿ.

ಒಂದೇ ಒಂದು ನೇಮ ಇಟ್ಟುಕೊಂಡಿದ್ದೆ. ಮುಂದಿನ ಹಾಳೆಗಳನ್ನು ಮೊದಲೇ ನೋಡುವುದಿಲ್ಲ. ಹಾಗೆ ನೋಡುವವರು ಮಜ್ಜಿಗೆ ಅನ್ನದಿಂದ ಊಟ ಶುರು ಮಾಡುವವರು ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದಿದ್ದೆ.

ನಾನು ಆಪಾ, ಅಂದರೆ ಅಕ್ಕ, ಎಂದು ಕರೆಯುವ ಪಕ್ಕದ ಮನೆಯವರು ಕೌದಿ ಹೊಲಿಯುತ್ತಾರೆ. ಊರವರು ಹಳೇ ಸೀರೆ, ಲುಂಗಿ ತಂದುಕೊಡುತ್ತಾರೆ. ಇವರು ಅವನ್ನು ಪದರ ಪದರವಾಗಿ ಅಂಗಳದಲ್ಲಿ ಹಾಸಿ, ಅಂಚಿನಿಂದ ಒಳಕ್ಕೆ ಹೊಲಿಗೆ ಹಾಕುತ್ತಾ ಬರುತ್ತಾರೆ. ಮಧ್ಯಾಹ್ನ ನಾನು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಬೇಕು. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಆದರೆ ಅಭಿರುಚಿ ನನ್ನಷ್ಟೇ ಕೆಟ್ಟದ್ದು. ಕೊಲೆಯ ಕಥೆಯಾದರೆ ಸೂಜಿ ಓಡುತ್ತದೆ. ಅಡುಗೆ ಪುಸ್ತಕವಾದರೆ "ಅಷ್ಟೊಂದು ಎಣ್ಣೆ ಯಾಕಂತೆ ಅವರಿಗೆ?" ಎಂದು ಪುಸ್ತಕದ ಜೊತೆಗೇ ಜಗಳಕ್ಕೆ ನಿಲ್ಲುತ್ತಾರೆ.

ಹೋದ ವರ್ಷ ಅವರ ಮಗ ಗೆಳೆಯರ ಜೊತೆ ಸೂಳೆಕೆರೆಗೆ ಹೋಗಿ ನೀರಿನಲ್ಲಿ ತೀರಿಕೊಂಡ. ಆಪಾ ಬಹಳ ದಿನ ಸೂಜಿ ಮುಟ್ಟಲಿಲ್ಲ. ಕೊನೆಗೊಂದು ದಿನ ಕೌದಿ ಹಾಸಿ ನನ್ನನ್ನು ಕರೆದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಹೊನ್ನಾಳಿ ಬಸ್ ಸ್ಟ್ಯಾಂಡಿನ ಹತ್ತಿರ ಕೊಂಡಿದ್ದ ರಟ್ಟು ಹೋದ ಕಾದಂಬರಿಯೊಂದನ್ನು ಎತ್ತಿಕೊಂಡು ಓಡಿದೆ. ನಾನೂ ಅದನ್ನು ಓದಿರಲಿಲ್ಲ. ಅಂಬಿಗರ ಮನೆಯ ಕಥೆ. ಕೆಲವು ದಿನ ಚೆನ್ನಾಗಿ ನಡೆಯಿತು. ಆಮೇಲೊಂದು ಮಧ್ಯಾಹ್ನ ಆ ಮನೆಯ ಒಬ್ಬನೇ ಮಗ ದೋಣಿಯ ಹುಟ್ಟು ಬಿಟ್ಟು ನೀರಿಗೆ ಧುಮುಕಿದ. ಬಾಯಿಗಿಂತ ಮೊದಲು ನನ್ನ ಕಣ್ಣು ಕೆಳಗಿನ ಸಾಲಿಗೆ ಹೋಯಿತು. ಅವನು ಮೇಲೆ ಬರಲಿಲ್ಲ. ನನ್ನ ನೇಮಕ್ಕಿಷ್ಟು ಬೆಂಕಿ ಹಾಕ.

ನಾನು ಓದು ನಿಲ್ಲಿಸಲಿಲ್ಲ. ಹುಡುಗ ಈಜಿ ದಡ ಸೇರಿದ ಎಂದು ಓದಿದೆ. ಒದ್ದೆ ಬಟ್ಟೆ ಬದಲಿಸಿದೆ. ತಾಯಿಯ ಕೈಯಿಂದ ಬಿಸಿ ರೊಟ್ಟಿ ಹಾಕಿಸಿದೆ. ಬದುಕಿಸಿದ ಮೇಲೆ ಅವನನ್ನು ಏನು ಮಾಡಬೇಕೆಂದು ತಿಳಿಯದೆ ನ್ಯಾಮತಿ ಕಡೆಯ ಹೆಣ್ಣೊಂದನ್ನು ತೋರಿಸಿದೆ. ಕಾದಂಬರಿಯಲ್ಲಿ ನ್ಯಾಮತಿ ಇರಲೇ ಇಲ್ಲ. ಹೆಣ್ಣಿನ ಕಡೆಯವರು ತಕ್ಷಣ ಒಪ್ಪಿದರು. ಅಷ್ಟು ಒಳ್ಳೆಯ ಬೀಗರನ್ನು ನಾನು ಯಾವ ಪುಸ್ತಕದಲ್ಲೂ ಕಂಡಿಲ್ಲ.

ಆಪಾ ಸೂಜಿಯನ್ನು ಬಟ್ಟೆಗೆ ಚುಚ್ಚಿ ಬಿಟ್ಟರು.

"ಅಕ್ಕಾ, ನೀವು ಹಾಳೆ ತಿರುವಿ ಎಷ್ಟೊತ್ತಾತು?"

"ದೊಡ್ಡ ಹಾಳೆ ಆಪಾ" ಅಂದೆ.

"ಹುಡುಗ ಮೇಲೆ ಬರಲಿಲ್ಲ, ಹೌದಲ್ಲ?"

ನಾನು ಹೌದೆಂದು ತಲೆಯಾಡಿಸಿದೆ.

"ನಮ್ಮ ಹುಡುಗನ ವಿಷ್ಯದಾಗೂ ಎಲ್ಲಾರೂ ಹಿಂಗೇ ಮಾಡ್ತಾರೆ. ಒಬ್ರು ಕಾಲು ಜಾರಿತು ಅಂತಾರೆ. ಇನ್ನೊಬ್ರು ಅವನಿಗೆ ಏನೂ ಗೊತ್ತೇ ಆಗಿಲ್ಲ ಅಂತಾರೆ. ಹೆಂಗಾತು ಅಂತ ಕೇಳಾಕೆ ಹೋದ್ರೆ ಚಾ ಕುಡೀರಿ ಅಂತಾರೆ. ಇವತ್ತಿನವರೆಗೂ ನನಗೆ ಯಾರೂ ಪೂರ್ತಿ ಹೇಳಿಲ್ಲ. ಇದನ್ನಾದ್ರೂ ಹೆಂಗೆ ಐತೋ ಹಂಗೇ ಓದ್ರಿ."

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಆದರೂ ಅವನು ನೀರಿಗೆ ಧುಮುಕಿದಲ್ಲಿಂದ ಮತ್ತೆ ಶುರು ಮಾಡಿದೆ. ಊರವರು ಹುಡುಕಿದ್ದು, ಹೆಣ ಸಿಕ್ಕಿದ್ದು, ಅದನ್ನು ದಡಕ್ಕೆ ತಂದದ್ದು, ಒಬ್ಬ ಮುದುಕ ಹೋಗಿ ತಾಯಿಯ ಮುಂದೆ ಕೂತು ಎಲ್ಲವನ್ನೂ ಹೇಳಿದ್ದು, ಒಂದು ಸಾಲೂ ಬಿಡದೆ ಓದಿದೆ. ಆಪಾ ಸದ್ದಿಲ್ಲದೆ ಅಳುತ್ತಿದ್ದರು. ಅಧ್ಯಾಯ ಮುಗಿಯಿತು. ಸೆರಗಿನಿಂದ ಮುಖ ಒರೆಸಿಕೊಂಡು, "ಆ ಮುದುಕ ತಾಯಿಗೆ ಹೇಳಿದ್ದನ್ನ ಇನ್ನೊಂದು ಸಲ ಓದ್ರಿ" ಅಂದರು.